ಕೆಂಪು ಬಟ್ಟೆ ಕಟ್ಟಿದ ಕ್ಯಾನು

ಆ ದಿನ ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸಿದ್ದು ನಾನು. ಓಂಕಾರಪ್ಪ ಅಲ್ಲ. ಈ ಎರಡು ಸಣ್ಣ ವಾಕ್ಯಗಳನ್ನು ಒಂಬತ್ತು ವರ್ಷದಿಂದ ಯಾರೆದುರೂ ಹೇಳಲಾರದೆ ಬದುಕಿದ್ದೇನೆ. ಈಗ ಬರೆಯುವಾಗಲೂ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡಿ ಬಂದೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ತಪ್ಪಾದರೆ ಅಳಿಸಬೇಡಿ, ಅಡ್ಡಗೀಟು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ ಎಂದು ತರಗತಿಯಲ್ಲಿ ಗದರುತ್ತಿದ್ದೆ. ನನ್ನ ತಪ್ಪನ್ನು ಮಾತ್ರ ಗುರುತೇ ಇಲ್ಲದಂತೆ ಅಳಿಸಿದೆ.

ನಮ್ಮದು ಕಡೂರಿನಲ್ಲಿ ಕೂಡು ಮನೆ. ಅಣ್ಣ ಪರಮೇಶ್ವರಪ್ಪ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ ನೋಡಿಕೊಳ್ಳುತ್ತಿದ್ದ. ನಾನು ಚೌಳಹಿರಿಯೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ಏಳು ಜನ ಕೂರುವ ಡೀಸೆಲ್ ಗಾಡಿಯಿತ್ತು. ಅದನ್ನು ಓಡಿಸುತ್ತಿದ್ದವನು ಬುಕ್ಕಾಂಬುಧಿಯ ಓಂಕಾರಪ್ಪ — ಹದಿನೇಳು ವರ್ಷ ನಮ್ಮಲ್ಲಿದ್ದ, ಒಂದು ಸಲವೂ ಗಾಡಿಗೆ ಗೀರು ಬಿದ್ದಿರಲಿಲ್ಲ. ನನಗೆ ಕಾರು ಓಡಿಸಲು ಕಲಿಸಿದವನೂ ಅವನೇ.

ನಾನು ಸ್ಕೂಲಿಗೆ ಹೋಗಿಬರಲು, ಹೆಂಗಸರು ಪೇಟೆಗೆ ಹೋಗಲು ಎಂದು ಎರಡನೆಯದೊಂದು ಪುಟ್ಟ ಕಾರು ಕೊಳ್ಳುವ ಮಾತು ಬಂತು. ಪೆಟ್ರೋಲಿನದೋ ಡೀಸೆಲಿನದೋ ಎಂಬುದರ ಮೇಲೆ ಮನೆಯಲ್ಲಿ ಹದಿನೈದು ದಿನ ಚರ್ಚೆ ನಡೆಯಿತು. ಅಣ್ಣನದು ಒಂದೇ ಹಟ.

"ಡೀಸೆಲ್ಲೇ ತಗಳೋಣ ಕಣೋ ಸೋಮು. ಗಾಡಿ, ಟ್ರ್ಯಾಕ್ಟ್ರು ಎಲ್ಲಾ ಡೀಸೆಲ್ಲು. ಒಂದೇ ಮನೇಲಿ ಎರಡು ತರ ಇಟ್ಕಂಡ್ರೆ ಒಂದಲ್ಲ ಒಂದಿನ ಎಡವಟ್ಟಾಯ್ತದೆ."

ನಾನು ಬಿಡುವ ಆಸಾಮಿಯೇ? ಒಂದು ಹಾಳೆಯ ತುಂಬ ಲೆಕ್ಕ ಹಾಕಿ ನಡುಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ದಿನಕ್ಕೆ ಓಡುವುದು ಇಷ್ಟೇ ದೂರ, ಇಷ್ಟಕ್ಕೆ ಡೀಸೆಲ್ ಕಾರಿಗೆ ಕೊಡುವ ಹೆಚ್ಚಿನ ಬೆಲೆ ಎಂದಿಗೂ ಹುಟ್ಟುವುದಿಲ್ಲ. ಪೆಟ್ರೋಲ್ ಆದರೆ ಸದ್ದು ಕಡಿಮೆ, ರಿಪೇರಿ ಕಡಿಮೆ. ಕೊನೆಗೆ ಅಣ್ಣನ ಮಾತಿಗೆ ನಕ್ಕು, "ಎಡವಟ್ಟು ಮಾಡ್ಕೊಳ್ಳೋಕೆ ನಾವೇನು ಓದು ಬರಹ ಇಲ್ದೋರಾ?" ಎಂದೆ. ಓಂಕಾರಪ್ಪ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಅವನು ಮೂರನೆಯ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೂ ಅವನು ನನ್ನ ಪರವಾಗಿಯೇ ಮಾತಾಡಿದ. "ಮೇಷ್ಟ್ರು ಹೇಳೋದು ಸರಿ ಐತೆ ಯಜಮಾನ್ರೇ. ಇಷ್ಟು ಓಡಾಟಕ್ಕೆ ಡೀಸೆಲ್ ದಂಡ" ಎಂದ. ಗಾಡಿಯ ವಿಷಯದಲ್ಲಿ ಅಣ್ಣ ನಂಬುತ್ತಿದ್ದುದು ಓಂಕಾರಪ್ಪನೊಬ್ಬನನ್ನೇ. ಹಾಗಾಗಿ ಪೆಟ್ರೋಲ್ ಕಾರೇ ಬಂತು.

ಆಮೇಲೆ ಎರಡು ವರ್ಷ ಎಡವಟ್ಟೇನೂ ಆಗಲಿಲ್ಲ. ಕೊಟ್ಟಿಗೆಯಲ್ಲಿ ಒಂದೇ ತರದ ಎರಡು ಬಿಳಿ ಕ್ಯಾನು ಇರುತ್ತಿದ್ದವು — ಟ್ರ್ಯಾಕ್ಟರಿಗೆ ಡೀಸೆಲ್ಲು, ತೋಟದ ಕಳೆ ಕೊಚ್ಚುವ ಮಿಷನ್ನಿಗೆ ಪೆಟ್ರೋಲು. ಗುರುತಿಗೆಂದು ಓಂಕಾರಪ್ಪ ಪೆಟ್ರೋಲಿನ ಕ್ಯಾನಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿದ್ದ.

ಅಣ್ಣನ ಮಗಳು ಚೈತ್ರ ಹೆರಿಗೆಗೆಂದು ತವರಿಗೆ ಬಂದಳು. ಎಂಟನೆಯ ತಿಂಗಳಲ್ಲಿ ಬಿಪಿ ಏರಿತು. ತಲೆನೋವು ಬಂದರೆ, ಕಣ್ಣು ಮಂಜಾದರೆ ಒಂದು ಗಳಿಗೆಯೂ ತಡಮಾಡದೆ ಶಿವಮೊಗ್ಗಕ್ಕೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ದೊಡ್ಡ ಗಾಡಿಯ ಟ್ಯಾಂಕ್ ಸದಾ ತುಂಬಿರಬೇಕೆಂದು ಅಣ್ಣ ಕಟ್ಟಪ್ಪಣೆ ಮಾಡಿದ್ದ. ಒಂದು ಮಧ್ಯಾಹ್ನ ಓಂಕಾರಪ್ಪ ತಂಗಿಯನ್ನು ನೋಡಲು ಊರಿಗೆ ಹೋಗಿದ್ದ. ಅಣ್ಣ ಕೀಲಿ ನನ್ನ ಕೈಗೆ ಕೊಟ್ಟು, ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಾ ಎಂದ.

ಬಂಕಿನಲ್ಲಿ ಪೈಪು ಹಿಡಿದಿದ್ದವಳು ಒಬ್ಬ ನಡುವಯಸ್ಸಿನ ಹೆಂಗಸು. "ಪೆಟ್ರೋಲಾ, ಡೀಸೆಲ್ಲಾ ಸಾರ್?" ಎಂದು ಕೇಳಿದಳು. ಕೇಳಿದಳು — ಇದನ್ನು ಒತ್ತಿ ಬರೆಯುತ್ತಿದ್ದೇನೆ. ಎರಡು ವರ್ಷದಿಂದ ವಾರಕ್ಕೊಮ್ಮೆ ಹೇಳಿ ಹೇಳಿ ನಾಲಿಗೆಗೆ ಕೂತಿದ್ದ ಮಾತೇ ಹೊರಬಂತು. "ಪೆಟ್ರೋಲ್" ಎಂದೆ. ಮೀಟರು ಹದಿನೈದು ಲೀಟರು ದಾಟಿದ ಮೇಲೆ ತಂದಿರುವುದು ದೊಡ್ಡ ಗಾಡಿ ಎಂಬುದು ಹೊಳೆಯಿತು. ಸಾಕು ಸಾಕು ಎಂದು ಕೂಗಿಕೊಂಡೆ. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. ಆ ನೋಟವನ್ನು ಎಷ್ಟೋ ವರ್ಷ ಮರೆಯಲಾಗಲಿಲ್ಲ.

ಗಾಡಿ ಸ್ಟಾರ್ಟ್ ಆಯಿತು. ಮನೆಯವರೆಗೂ ಓಡಿತು. ಟ್ಯಾಂಕಿನಲ್ಲಿ ಅರ್ಧದಷ್ಟು ಡೀಸೆಲ್ ಮೊದಲೇ ಇತ್ತಲ್ಲ, ಬೆರೆತುಹೋಗುತ್ತದೆ, ಏನೂ ಆಗುವುದಿಲ್ಲ... ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಅಣ್ಣನಿಗೆ ಹೇಳಿದ್ದರೆ ಮೆಕ್ಯಾನಿಕ್ ಬಂದು ಸಂಜೆಯೊಳಗೆ ಟ್ಯಾಂಕ್ ಖಾಲಿ ಮಾಡಿ ತೊಳೆದುಕೊಡುತ್ತಿದ್ದ. ಆದರೆ ಹಾಳೆ ಹಿಡಿದು ಓದಿದ ನನ್ನ ಆ ದಿನದ ಭಾಷಣ, ಅಣ್ಣ ಎಲ್ಲರೆದುರು ನಗುವ ನಗು — ಅದಕ್ಕೆ ಹೆದರಿದೆ. ಅಷ್ಟಕ್ಕೇ ಹೆದರಿದೆ! ಆಮೇಲೆ ಅನುಭವಿಸಿದ ಭಯದ ಮುಂದೆ ಅದು ಏನೂ ಅಲ್ಲ.

ಸಂಜೆ ಓಂಕಾರಪ್ಪ ಬಂದ. ಕತ್ತಲಾಗುತ್ತಿತ್ತು, ಕರೆಂಟಿರಲಿಲ್ಲ. ಇನ್ನಷ್ಟು ಡೀಸೆಲ್ ಸೇರಿದರೆ ಪೆಟ್ರೋಲಿನ ಕಾಟ ಕಡಿಮೆಯಾದೀತು ಎಂಬ ದಡ್ಡ ಯೋಚನೆ ನನಗೆ. "ಟ್ಯಾಂಕ್ ಪೂರ್ತಿ ಆಗಿಲ್ಲಪ್ಪ, ಮನೇ ಕ್ಯಾನಿಂದ ಡೀಸೆಲ್ ಹಾಕ್ಬಿಡು" ಎಂದೆ. ಮರುಮಾತಾಡದೆ ಅವನು ಒಂದು ಕ್ಯಾನು ಡೀಸೆಲ್ ಸುರಿದ. ಅವನ ಕೈಗೆ ಆ ಕ್ಯಾನು ಕೊಟ್ಟವನು ನಾನೇ ಎಂದರೂ ತಪ್ಪಿಲ್ಲ.

ಮರುದಿನ ಬೆಳಗ್ಗೆ ಏಳಕ್ಕೆ ಚೈತ್ರ ತಲೆ ಹಿಡಿದುಕೊಂಡು ಕೂತಳು. "ಚಿಕ್ಕಪ್ಪ, ಎಲ್ಲಾ ಮಂಜುಮಂಜು" ಎಂದಳು. ಅಣ್ಣ, ಅತ್ತಿಗೆ ಅವಳನ್ನು ದೊಡ್ಡ ಗಾಡಿಗೆ ಹತ್ತಿಸಿದರು. ನನ್ನ ಪುಟ್ಟ ಕಾರು ಪಕ್ಕದಲ್ಲೇ ನಿಂತಿತ್ತು, ಅದರಲ್ಲಿ ಹೋಗಿ ಎನ್ನಬಹುದಿತ್ತು. ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? "ಹುಷಾರಾಗಿ ಹೋಗಿ" ಎಂದೆ, ಅಷ್ಟೇ. ಓಂಕಾರಪ್ಪ ಗೇರು ಹಾಕಿದ. ಎಂಜಿನ್ನಿನ ಸದ್ದು ಎಂದಿನಂತಿರಲಿಲ್ಲ. ಅವನಿಗೂ ಗೊತ್ತಾಗಿ ತಲೆಯೆತ್ತಿ ನೋಡಿದ. ನಾನು ಗೇಟಿನ ಕಡೆ ಮುಖ ತಿರುಗಿಸಿದೆ.

ತರೀಕೆರೆ ದಾಟಿದ ಮೇಲೆ ಗಾಡಿ ನಿಂತುಹೋಯಿತು. ಚೈತ್ರಳಿಗೆ ಅಲ್ಲೇ ರಸ್ತೆಬದಿಯಲ್ಲಿ ಫಿಟ್ಸ್ ಬಂತು. ಮುಕ್ಕಾಲು ಗಂಟೆ ಕಾದ ಮೇಲೆ ಹಾಲಿನ ವ್ಯಾನೊಂದು ನಿಲ್ಲಿಸಿ ಅವರನ್ನು ಕರೆದುಕೊಂಡು ಹೋಯಿತು. ಅಣ್ಣ ಆಸ್ಪತ್ರೆಯಿಂದ ಫೋನ್ ಮಾಡಿದ. ಅವನು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದಾರೆ ಎಂದ. ಆಮೇಲೆ ದನಿ ಬದಲಾಯಿತು.

"ಮೆಕ್ಯಾನಿಕ್ಕು ಬಂದು ನೋಡಿದ್ನಂತೆ. ಟ್ಯಾಂಕಲ್ಲಿ ಪೆಟ್ರೋಲ್ ಐತಂತೆ. ನೀನೇನು ಹಾಕ್ಸಿದ್ದೆ?"

"ಡೀಸೆಲ್ ಅಣ್ಣ."

"ಓಂಕಾರಿ ರಾತ್ರಿ ಕ್ಯಾನಿಂದ ಹಾಕಿದ್ದಾನಂತೆ. ಕೊಟ್ಟಿಗೇಲಿ ಯಾವ ಕ್ಯಾನ್ ಖಾಲಿಯಾಗೈತೆ ನೋಡಿ ಹೇಳು."

ಕೊಟ್ಟಿಗೆಗೆ ಹೋದೆ. ಡೀಸೆಲ್ ಕ್ಯಾನು ಖಾಲಿ. ಕೆಂಪು ಬಟ್ಟೆಯ ಕ್ಯಾನು ಕುತ್ತಿಗೆಮಟ್ಟ ತುಂಬಿತ್ತು. ಓಂಕಾರಪ್ಪ ತಪ್ಪು ಮಾಡಿಲ್ಲ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಹುಡುಗಿ ಸತ್ತರೆ? ಹೊಟ್ಟೆಯಲ್ಲಿನ ಮಗು ಸತ್ತರೆ? ಅಣ್ಣನ ಮುಖವನ್ನು ನಾನು ನೋಡುವುದು ಹೇಗೆ... ಇಲ್ಲ, ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ನನ್ನ ಮುಖ ಮಾತ್ರ. ಕೆಂಪು ಬಟ್ಟೆಯ ಕ್ಯಾನನ್ನು ಎತ್ತಿಕೊಂಡು ಹೋಗಿ ಅದರಲ್ಲಿದ್ದ ಪೆಟ್ರೋಲನ್ನೆಲ್ಲ ಪುಟ್ಟ ಕಾರಿನ ಟ್ಯಾಂಕಿಗೆ ಸುರಿದೆ. ಟ್ರ್ಯಾಕ್ಟರಿಗೆಂದು ಮೂಲೆಯಲ್ಲಿ ಇಟ್ಟಿದ್ದ ಡೀಸೆಲ್ ಡ್ರಮ್ಮಿನಿಂದ ಖಾಲಿ ಕ್ಯಾನು ತುಂಬಿಸಿಟ್ಟೆ. ಲೆಕ್ಕ ಹಾಕಿ, ವಾದ ಮಾಡಿ ನಾನು ಪೆಟ್ರೋಲ್ ಕಾರು ತರಿಸಿದ್ದು ಸಾಕ್ಷಿ ಮುಚ್ಚಿಡುವುದಕ್ಕೆ ಅನುಕೂಲವಾಯಿತು. ಕೈ ತೊಳೆದುಕೊಂಡು ಫೋನ್ ಮಾಡಿದೆ.

"ಪೆಟ್ರೋಲ್ ಕ್ಯಾನ್ ಖಾಲಿ ಇದೆ ಅಣ್ಣ."

ಚೈತ್ರ ಉಳಿದಳು. ಮಗುವೂ ಉಳಿಯಿತು, ಗಾಜಿನ ಪೆಟ್ಟಿಗೆಯಲ್ಲಿ ಮೂರು ವಾರ ಇದ್ದು. ಓಂಕಾರಪ್ಪನನ್ನು ನಡುಮನೆಯಲ್ಲಿ ನಿಲ್ಲಿಸಿ ಅಣ್ಣ ಕೇಳಿದ. ಮೊದಲು ಅವನು ಗಟ್ಟಿಯಾಗಿಯೇ, "ಕೆಂಪು ಬಟ್ಟೇದನ್ನ ನಾನು ಮುಟ್ಟಿಲ್ಲ ಯಜಮಾನ್ರೇ" ಎಂದ. "ಹಂಗಾದ್ರೆ ಅದು ಖಾಲಿ ಆಗಿದ್ದೆಂಗೆ?" ಎಂದ ಅಣ್ಣ. ಓಂಕಾರಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಕರೆಂಟಿರ್ಲಿಲ್ಲ... ಕತ್ಲಲ್ಲಿ ಬಟ್ಟೆ ಕಾಣ್ಲಿಲ್ವೇನೋ. ನಾನೇ ಇರಬೈದು" ಎಂದ. ಅವನು ಸುಳ್ಳು ಹೇಳಲಿಲ್ಲ — ನಿಜವಾಗಿ ನಂಬಿಬಿಟ್ಟ. ಅತ್ತಿಗೆ, "ನನ್ನ ಮಗಳ್ನ ಕೊಂದಾಕ್ಬಿಡ್ತಿದ್ದಲ್ಲೋ" ಎಂದು ಎದೆ ಬಡಿದುಕೊಂಡರು. ಮನೆಯವರೆಲ್ಲ ಒಂದೊಂದು ಮಾತು ಎಸೆದರು. ನಾನು ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಬರಿಗಾಲಲ್ಲಿ ಹೊರಟುಹೋದ.

ಆಮೇಲಿನ ವರ್ಷಗಳನ್ನು ಹೇಗೆ ಬರೆಯಲಿ? ಬಂಕಿನ ಆ ಹೆಂಗಸಿಗೆ ಎಲ್ಲ ಗೊತ್ತಿದೆ ಎಂಬ ಹೆದರಿಕೆ ನನ್ನನ್ನು ಹಿಡಿದುಕೊಂಡಿತು. ಒಂದು ದಿನ ಅಣ್ಣ ಅಲ್ಲಿಗೆ ಹೋಗುತ್ತಾನೆ, ಅವಳು ಮಾತಿಗೆ ಮಾತು ಬಂದು ಹೇಳಿಬಿಡುತ್ತಾಳೆ... ಆ ಬಂಕಿನ ಕಡೆ ತಲೆ ಹಾಕಲಿಲ್ಲ. ಪೆಟ್ರೋಲ್ ಹಾಕಿಸಲು ಬೀರೂರಿಗೆ ಹೋದೆ, ಅಜ್ಜಂಪುರಕ್ಕೆ ಹೋದೆ. ದುಡ್ಡು ಉಳಿಸುವ ಲೆಕ್ಕ ಹೇಳಿದ ಮೇಷ್ಟ್ರು ಪೆಟ್ರೋಲ್ ತರಲಿಕ್ಕೇ ಪೆಟ್ರೋಲ್ ಸುಡುತ್ತಿದ್ದೆ! ಅಣ್ಣ "ಸೋಮು" ಎಂದು ಸ್ವಲ್ಪ ಜೋರಾಗಿ ಕರೆದರೆ ಸಾಕು, ಗೊತ್ತಾಗಿಹೋಯಿತು ಎಂದುಕೊಳ್ಳುತ್ತಿದ್ದೆ. ಚೈತ್ರಳ ಮಗಳು ನನ್ನ ತೊಡೆಯೇರಿ ಕೂತಾಗ ಅವಳ ಮುಖ ನೇರವಾಗಿ ನೋಡಲು ನನಗೆ ಆಗುತ್ತಿರಲಿಲ್ಲ.

ಹೋದ ವರ್ಷ ಅಜ್ಜಂಪುರದಲ್ಲಿ ನಂಟರ ಮದುವೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಪಾತ್ರೆ ತುಂಬಿದ ಟೆಂಪೋದ ಎಡಗಡೆ ಸೀಟಿನಿಂದ ಓಂಕಾರಪ್ಪ ಇಳಿದು ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಅಡುಗೆಯವರ ಜೊತೆ ಪಾತ್ರೆ ಹೊರುವ ಕೆಲಸವಂತೆ.

"ಗಾಡಿ ಬಿಟ್ಬಿಟ್ಟೆ ಮೇಷ್ಟ್ರೇ. ಸ್ಟೇರಿಂಗ್ ಮುಟ್ಟಿದ್ರೆ ಚೈತ್ರಮ್ಮ ರಸ್ತೇಲಿ ಒದ್ದಾಡಿದ್ದು ಕಣ್ಮುಂದೆ ಬತ್ತದೆ." ಅವನು ನನ್ನ ಒದ್ದೆ ಕೈ ಹಿಡಿದುಕೊಂಡ. "ಅವತ್ತು ಎಲ್ರೂ ಬೈದ್ರು. ತಪ್ಪು ನಂದೇ, ಬೈಯ್ಲಿ. ನೀವೊಬ್ರು ಮಾತ್ರ ಒಂದು ಮಾತೂ ಅನ್ಲಿಲ್ಲ. ಅದನ್ನ ಸಾಯೋತನಕ ಮರೆಯಲ್ಲ."

ನಾನು ಆಗ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ನಿನ್ನ ತಂಗಿ ಹೇಗಿದ್ದಾಳೆ ಎಂದು ಏನೋ ಕೇಳಿದೆ.

ಕಳೆದ ತಿಂಗಳು ನಮ್ಮ ಪುಟ್ಟ ಕಾರು ಹಳೆಯದಾಯಿತು, ಬದಲಾಯಿಸೋಣ ಎಂಬ ಮಾತು ಬಂತು. ಮತ್ತೆ ಅದೇ ಚರ್ಚೆ. ಅಣ್ಣ, "ಈ ಸಲನಾದ್ರೂ ನನ್ ಮಾತ್ ಕೇಳು, ಹಳೇದಾದ್ರೂ ಪರ್ವಾಗಿಲ್ಲ, ಡೀಸೆಲ್ಲೇ ನೋಡೋಣ. ಆ ಓಂಕಾರಿ ಮಾಡಿದ ಕೆಲಸ ಇನ್ನೂ ಮರ್ತಿಲ್ಲ ನಾನು" ಎಂದ. ನನಗೆ ಅಲ್ಲಿ ಕೂರಲಾಗಲಿಲ್ಲ. ಕಾರು ತೆಗೆದುಕೊಂಡು ನೇರ ಆ ಬಂಕಿಗೇ ಹೋದೆ. ಯಾಕೆ ಹೋದೆನೋ — ಅವಳೇ ನನ್ನನ್ನು ಹಿಡಿದು ಕೇಳಲಿ, ನಾನಾಗಿ ಹೇಳುವ ಕಷ್ಟ ತಪ್ಪಲಿ ಎಂದಿರಬೇಕು. ಅದೇ ಹೆಂಗಸು. ಕನ್ನಡಕ ಬಂದಿತ್ತು. ಮೊದಲ ಸಲ ನೋಡಿದವಳಂತೆ, "ಪೆಟ್ರೋಲಾ, ಡೀಸೆಲ್ಲಾ ಸಾರ್?" ಎಂದಳು.

"ನನ್ನ ಗುರುತು ಸಿಕ್ತಾ?" ಎಂದು ಕೇಳಿದೆ.

"ಎಷ್ಟು ಜನ ಬತ್ತಾರೆ ಸಾರ್, ಯಾರ್ನ ಅಂತ ನೆಪ್ಪಿಟ್ಕಳಾದು" ಎಂದು ನಕ್ಕಳು.

ಅವಳು ಮರೆತಿದ್ದಳು. ಒಂಬತ್ತು ವರ್ಷ ನಾನು ಯಾರಿಗೆ ಹೆದರಿ ಊರೂರು ಸುತ್ತಿದೆನೋ ಅವಳಿಗೆ ಏನೂ ನೆನಪಿರಲಿಲ್ಲ. ನಾನು ಬದುಕಿಕೊಂಡೆ ಎಂದು ಹಗುರಾಗಬೇಕಿತ್ತು. ಆದರೆ ಅಷ್ಟು ದೊಡ್ಡ ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಇನ್ನು ನಾನೊಬ್ಬ ಸತ್ತರೆ ನಿಜ ಗೊತ್ತಿರುವವರು ಯಾರೂ ಇಲ್ಲ. ಓಂಕಾರಪ್ಪ ತಾನೇ ತಪ್ಪಿತಸ್ಥನೆಂದು ನಂಬಿಕೊಂಡೇ ಸಾಯುತ್ತಾನೆ.

ಬರುವ ಭಾನುವಾರ ಅಣ್ಣ, ಅತ್ತಿಗೆ, ಚೈತ್ರ ಎಲ್ಲರೂ ಮನೆಯಲ್ಲಿರುತ್ತಾರೆ. ಓಂಕಾರಪ್ಪನನ್ನು ನಿಲ್ಲಿಸಿ ಕೇಳಿದ ಅದೇ ನಡುಮನೆಯಲ್ಲಿ, ಅವನೆದುರಿನಲ್ಲೇ ಹೇಳುತ್ತೇನೆ. ಅಣ್ಣ ನನ್ನನ್ನು ಮನೆಯಿಂದ ಆಚೆ ಹಾಕಬಹುದು. ಚೈತ್ರ ಇನ್ನು ಚಿಕ್ಕಪ್ಪ ಎನ್ನದಿರಬಹುದು. ಓಂಕಾರಪ್ಪ... ಅವನು ಏನು ಮಾಡಿದರೂ ಸರಿಯೇ. ನನಗೆ ಹೆದರಿಕೆ ಹೋಗಿಲ್ಲ. ಹೋಗಲಿ ಎಂದು ಕಾಯುತ್ತಾ ಕೂತರೆ ಮತ್ತೊಂದು ಒಂಬತ್ತು ವರ್ಷ ಕಳೆಯುತ್ತದೆ ಎಂದು ಮಾತ್ರ ಗೊತ್ತಿದೆ.

ಇವತ್ತು ಬೆಳಗ್ಗೆ ಅವನಿಗೆ ಫೋನ್ ಮಾಡಿ ಭಾನುವಾರ ಮನೆಗೆ ಬರಬೇಕು ಎಂದೆ.

"ಆ ಮನೆ ಹೊಸ್ಲು ತುಳಿಯಾಕೆ ನಂಗೆ ಭಯ ಆಯ್ತದೆ ಮೇಷ್ಟ್ರೇ" ಎಂದ. ಆಮೇಲೆ, "ನೀವಿರ್ತೀರಲ್ವಾ? ನೀವ್ ಪಕ್ಕದಲ್ಲಿದ್ರೆ ಬತ್ತೀನಿ" ಎಂದ.

ಇರುತ್ತೇನೆ ಎಂದೆ.