ಬೆವರಿಗೆ ಹೋದ ಉಪ್ಪು

ಪಕ್ಕದ ಮನೆಯ ಮಾವನಿಗೆ ಹುಬ್ಬೇ ಇರಲಿಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆಯ ಮುಂದೆ ನಿಂತು ನಿಂತು ಸುಟ್ಟುಹೋಗಿತ್ತು. ಅಲ್ಲಿನ ಸದ್ದಿನಲ್ಲಿ ಕೂಗಿ ರೂಢಿಯಾದ ಗಂಟಲು ಮನೆಯಲ್ಲೂ ತಗ್ಗುತ್ತಿರಲಿಲ್ಲ. ಅವರು ಹೆಂಡತಿಯನ್ನು ಕಾಫಿ ಕೇಳಿದರೆ ನಮ್ಮಮ್ಮ ಒಲೆಯ ಮೇಲೆ ನೀರಿಡುತ್ತಿದ್ದಳು.

ಅರವತ್ತರ ದಶಕದ ಆರಂಭದಲ್ಲಿ ಅವರಿಗೊಮ್ಮೆ ತಲೆಸುತ್ತು ಬಂತು. ಶಿವಮೊಗ್ಗದ ಡಾಕ್ಟರು ರಕ್ತದೊತ್ತಡವೆಂದು ಹೇಳಿ, ಸರ್ಪಗಂಧದ ಬೇರಿನಿಂದ ಮಾಡಿದ ಮಾತ್ರೆ ಕೊಟ್ಟರು. ಬೀಡಿ ಬಿಡಬೇಕು, ಉಪ್ಪು ಕಡಿಮೆ ಮಾಡಬೇಕು. ಒತ್ತಡ ಇಳಿಯದಿದ್ದರೆ ಕುಲುಮೆ ಬಿಟ್ಟು ಕಾರ್ಖಾನೆಯ ಸ್ಟೋರಿನಲ್ಲಿ ಕೂರಬೇಕು ಎಂದರು.

"ಉರಿ ಮುಂದೆ ನಿಂತೋನು ಬೋಲ್ಟು ಎಣಿಸ್ಕೊಂಡು ಕೂರ್ಲಾ?" ಎಂದು ಮಾವ ಕಂಗಾಲಾದರು.

ಬೀಡಿ ಬಿಟ್ಟರು. ಮಾತ್ರೆಗೆ ಮೂಗು ಕಟ್ಟಿ ದನಿಯೂ ತಗ್ಗಿತು. ಅವರ ಹೆಂಡತಿ, ನಮ್ಮ ಪಾಲಿನ ಅತ್ತೆ, ಸಪ್ಪೆ ಸಾರು ಮಾಡಿ ತಾವೂ ಅದನ್ನೇ ಉಂಡರು. ಆದರೂ ಒತ್ತಡ ಅಳೆಯುವ ಯಂತ್ರದ ಪಾದರಸ ಇಳಿಯಲಿಲ್ಲ.

"ನೀನೇ ಕದ್ದು ಉಪ್ಪು ಹಾಕ್ತಿದೀಯ ಕಣೇ," ಎಂದು ಮಾವ ರೇಗಿದರು. ಅತ್ತೆ ಅತ್ತುಬಿಟ್ಟರು.

ಮುಂದಿನ ಸಲ ಡಾಕ್ಟರ ಬಳಿಗೆ ಮಾವನ ಜೊತೆ ಹೊರಟಾಗ ಅತ್ತೆ, ಆಗಿನ್ನೂ ಹುಡುಗಿಯಾಗಿದ್ದ ನನ್ನನ್ನೂ ಕರೆದೊಯ್ದರು.

"ಕೆಲಸದ ಹೊತ್ತಲ್ಲಿ ಏನ್ ಕುಡೀತೀರಿ?" ಎಂದು ಡಾಕ್ಟರು ಮಾವನನ್ನು ಕೇಳಿದರು.

"ಮಜ್ಜಿಗೆ ಅಷ್ಟೇ."

"ಉಪ್ಪು?"

"ಉಪ್ಪಿಲ್ದೆ ಮಜ್ಜಿಗೆನಾ ಡಾಕ್ಟ್ರೇ? ಚೊಂಬಿಗೊಂದು ಹಿಡಿ ಹಾಕ್ತೀವಿ. ಅದು ಬೆವರಿಗೆ ಹೋಗುತ್ತಲ್ಲ, ಊಟದ ಲೆಕ್ಕಕ್ಕೆ ಎಲ್ಲಿ ಬರುತ್ತೆ?"

ಡಾಕ್ಟರು ಜೋರಾಗಿ ನಕ್ಕರು. "ಹಿಡಿ ಬೇಡ, ಚಿಟಿಕೆ ಸಾಕು," ಎಂದರು.

ಅತ್ತೆ ನಗಲಿಲ್ಲ. "ಅಯ್ಯೋ ಮಾರಾಯ್ರೇ, ಇಷ್ಟು ದಿನ ನನ್ನ ಅಳಿಸಿದ್ರಲ್ಲ!"

ಮೆಲ್ಲಗೆ ಪಾದರಸ ಇಳಿಯಿತು. ಕುಲುಮೆಯ ಕೆಲಸ ಉಳಿಯಿತು. ಹಾಗೆಂದು ಡಾಕ್ಟರು ಹೇಳಿದ ದಿನ ಸಂಜೆ ಮಾವ ಅತ್ತೆಯ ತಟ್ಟೆಗೆ ತಾವೇ ಉಪ್ಪು ಬಡಿಸಿದರು. "ನೀನಾದ್ರೂ ರುಚಿಯಾಗಿ ತಿನ್ನು ಮಾರಾಯ್ತಿ. ಸುಮ್ಸುಮ್ನೆ ಬೈದೆ ನಿನ್ನ."

ಅತ್ತೆ ಒಂದು ತುತ್ತು ಉಂಡು ಮುಖ ಹಿಂಡಿದರು. "ಉಪ್ಪಾಯ್ತು ಕಣ್ರೀ!"

ಅಲ್ಲಿಂದ ಮುಂದೆ ಆ ಮನೆಯಲ್ಲಿ ಇಬ್ಬರಿಗೂ ಅದೇ ಸಪ್ಪೆ ಸಾರು. ಮಾವ ನಿವೃತ್ತಿಯವರೆಗೂ ಕುಲುಮೆಯಲ್ಲೇ ಇದ್ದು, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಮುಪ್ಪಿನಲ್ಲಿ ನೆಮ್ಮದಿಯಾಗಿ ಹೋದರು. ಕೊನೆಯವರೆಗೂ ಮಾತ್ರೆ ಮಾತ್ರ ಬಿಡಲಿಲ್ಲ.

"ವಾಸಿ ಆಯ್ತಲ್ಲ ಮಾವ, ಇನ್ಯಾಕೆ?" ಎಂದು ನಾನೊಮ್ಮೆ ಕೇಳಿದ್ದೆ.

"ಉರಿ ಹದವಾಗಿದೆ ಅಂತ ಕುಲುಮೆ ಬಿಟ್ಟು ಮನೆಗೆ ಹೋಗ್ತೀವಾ ಪುಟ್ಟಿ?"

ಎಷ್ಟೋ ವರ್ಷಗಳ ಮೇಲೆ ನನ್ನ ಯಜಮಾನರಿಗೂ ಇದೇ ಕಾಯಿಲೆ ಬಂತು. ಚೆನ್ನಾಗಿದ್ದೇನೆಂದು ಅವರು ಮಾತ್ರೆ ನಿಲ್ಲಿಸಲು ಹೊರಟ ದಿನ ಮಾವನ ಈ ಮಾತು ಹೇಳಿದೆ. ನಕ್ಕು, ನುಂಗಿದರು. ಈಗ, ನಾನಿದನ್ನು ಬರೆಯುವಾಗ, ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದಾರೆ.