ಕಣ್ಣಿಗೆ ಎಂಟು, ಬೆರಳಿಗೆ ಎರಡು

ಹೊಲಿಗೆಯಮ್ಮನಿಗೆ ನಿಲ್ದಾಣದ ಮೈಕಮ್ಮನ ಬಗ್ಗೆ ಯಾರೂ ಹೇಳಿರಲಿಲ್ಲ. ಮೊದಲು ಅವಳ ದನಿಯನ್ನೇ ಕೇಳಿಸಿಕೊಂಡಳು. ಬಸ್ ನಿಲ್ದಾಣದ ಕಂಬಕ್ಕೆ ಕಟ್ಟಿದ್ದ ಸ್ಪೀಕರಿನಿಂದ, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲದ ದನಿ ಬಂತು: "ಹೊಳೆಯಾಚೆ ಹೋಗುವ ಪ್ರಯಾಣಿಕರ ಗಮನಕ್ಕೆ. ನಿಮ್ಮ ಬಸ್ಸು ಪ್ಲಾಟ್‌ಫಾರಂ ಎರಡರಲ್ಲಿ ನಿಂತಿದೆ."

ಹೊಳೆಯಾಚೆಯ ಊರಲ್ಲಿ ಹೊಲಿಗೆಯಮ್ಮನ ಅಕ್ಕ ಕೊನೆಯುಸಿರು ಹಿಡಿದುಕೊಂಡು ಮಲಗಿದ್ದಳು. ತಂಗಿ ಬರಲಿ ಅಂತಲೇ ಹಿಡಿದುಕೊಂಡಿದ್ದಾರೆ ಎಂದು ಅಕ್ಕನ ಸೊಸೆ ಫೋನಿನಲ್ಲಿ ಅತ್ತಿದ್ದಳು. ಗಂಡ ಹೋದ ಮೇಲೆ ಹೊಲಿಗೆಯಮ್ಮನಿಗೆ ತನ್ನವರು ಅಂತ ಇದ್ದದ್ದು ಆ ಅಕ್ಕ ಒಬ್ಬಳೇ. ಹೊಲಿಯುತ್ತಿದ್ದ ಲಂಗವನ್ನು ಸೂಜಿಯ ಕೆಳಗೇ ಬಿಟ್ಟು ಓಡಿ ಬಂದಿದ್ದಳು. ಕನ್ನಡಕವೂ ಯಂತ್ರದ ಮೇಲೆಯೇ ಉಳಿದಿತ್ತು. ಬಸ್ಸಿನ ಬೋರ್ಡು ಬರೀ ಬಿಳಿ ಮಸುಕು. ಇಷ್ಟು ಬಿಡಿಸಿ ಹೇಳುವಾಗ ಬೋರ್ಡು ಯಾಕೆ ಬೇಕು ಎಂದುಕೊಂಡು, ಎರಡರಲ್ಲಿ ನಿಂತಿದ್ದ ಬಸ್ಸು ಹತ್ತಿ ಕೂತಳು.

ಕಂಡಕ್ಟರು ಟಿಕೆಟ್ಟಿಗೆ ಬರುವಷ್ಟರಲ್ಲಿ ಊರು ಹಿಂದೆ ಉಳಿದಿತ್ತು. "ಇದು ಗುಡ್ಡದ ಕಡೆಗೆ ಹೋಗೋದಮ್ಮಾ. ಹೊಳೆಯಾಚೆದು ಎಂಟರಲ್ಲಿತ್ತಲ್ಲ!"

ಇಳಿದು, ಬಿಸಿಲಲ್ಲಿ ಕಾದು, ಹಿಂದಕ್ಕೆ ಬಂದು, ಇನ್ನೊಂದು ಬಸ್ಸು ಹಿಡಿದು ಹೋಗಿ ಮುಟ್ಟಿದಾಗ ಅಕ್ಕನನ್ನು ಒಯ್ದಾಗಿತ್ತು. ಮಂಚದ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದ್ದರು. "ನಿಮ್ಮ ಹೆಸರು ಹಿಡ್ಕೊಂಡೇ ಹೋದ್ರು ಚಿಕ್ಕತ್ತೆ" ಎಂದಳು ಸೊಸೆ.

ಹೊಲಿಗೆಯಮ್ಮನಿಗೆ ಅಳು ಬರಲಿಲ್ಲ. ಆ ಸುಕ್ಕಿಲ್ಲದ ದನಿಯ ಕತ್ತು ಹಿಸುಕಬೇಕು ಅನ್ನಿಸಿತು. ಊರಿಗೆ ಮರಳಿದವಳು ಮನೆಗೂ ಹೋಗದೆ ನೆಟ್ಟಗೆ ನಿಲ್ದಾಣದ ಆಫೀಸಿಗೆ ನಡೆದಳು. ಹಿಂಬಾಗಿಲ ಮೆಟ್ಟಿಲ ಮೇಲೆ ಬಿಳಿ ಕೋಲು ಹಿಡಿದು, ಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬಳು ಕೂತಿದ್ದಳು. ಮೈಕಮ್ಮ ಅಂದರೆ ಅವಳೇ ಎಂದು ಕಸ ಗುಡಿಸುವವಳು ತೋರಿಸಿದಳು.

"ಎಂಟಕ್ಕೆ ಎರಡು ಅಂದವಳು ನೀನೇನಾ?"

"ನಾನೇ. ಬೈಯೋದಿದ್ರೆ ಸಾಲಲ್ಲಿ ನಿಂತ್ಕೊಳ್ಳಿ. ನಿಮ್ಮ ಮುಂದೆ ಬಹಳ ಜನ ಇದ್ದಾರೆ."

"ನನ್ನ ಅಕ್ಕ ಸತ್ತಳು. ನಿನ್ನಿಂದ ಮುಖ ಕೂಡ ಸಿಗಲಿಲ್ಲ."

ಮೈಕಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಹಾಗಾದ್ರೆ ನೀವೇ ಮೊದಲು. ಹೊಡೆಯೋದಾದ್ರೂ ಹೊಡೀರಿ. ಅದಕ್ಕೂ ಮುಂಚೆ ಇದೊಂದು ನೋಡಿಬಿಡಿ ಅಕ್ಕ."

"ಅಕ್ಕ ಗಿಕ್ಕ ಅನ್ನಬೇಡ ನನ್ನ."

ಮೈಕಮ್ಮ ಚೀಲದಿಂದ ಒಂದು ಚಪ್ಪಟೆ ಪೆಟ್ಟಿಗೆ ತೆಗೆದಳು. ಅದರ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಮನೆಗಳ ಸಾಲು. ಒಂದೊಂದು ಮನೆಯಲ್ಲೂ ಗುಂಡುಸೂಜಿಯ ತಲೆಯಷ್ಟಿರುವ ಮೊಳೆಗಳು. ಆಫೀಸಿನವರು ಕಂಪ್ಯೂಟರಿನಲ್ಲಿ ಬರೆದದ್ದು ಇಲ್ಲಿ ಬ್ರೈಲ್ ಅಕ್ಷರವಾಗಿ ಏಳುತ್ತದೆ. ಅವಳು ಬೆರಳಾಡಿಸಿ ಓದಿ ಮೈಕಿನಲ್ಲಿ ಹೇಳುತ್ತಾಳೆ. ಇಷ್ಟು ವರ್ಷ ಹಾಗೆಯೇ ನಡೆದಿತ್ತು. ಹಳೆಯ ಪೆಟ್ಟಿಗೆ ಸವೆದುಹೋದಾಗ ಕೂಡಿಟ್ಟದ್ದನ್ನೆಲ್ಲ ಸುರಿದು ಇದನ್ನು ಕೊಂಡಿದ್ದಳು.

"ಎಂಟು ಅಂದ್ರೆ ಮೂರು ಮೊಳೆ. ಎರಡು ಅಂದ್ರೆ ಎರಡೇ. ಈ ಮನೇಲಿ ಎಷ್ಟು ಎದ್ದಿವೆ ಹೇಳಿ."

ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದಳು ಹೊಲಿಗೆಯಮ್ಮ. "ಮೂರು."

"ಆಫೀಸಿನವರೂ ಮೂರೇ ಅಂದ್ರು. ಈಗ ಕಣ್ಣು ಮುಚ್ಚಿ ಬೆರಳು ಕೊಡಿ. ಅಯ್ಯೋ, ಇದೇನು ಬೆರಳೋ ಒರಳುಕಲ್ಲೋ? ಎಡಗೈದು ಕೊಡಿ."

ಸೂಜಿ ಚುಚ್ಚಿಸಿಕೊಂಡು ದಡ್ಡುಗಟ್ಟಿದ್ದ ಬಲಗೈ ಬಿಟ್ಟು, ಎಡಗೈಯ ಉಂಗುರದ ಬೆರಳಿಟ್ಟಳು ಹೊಲಿಗೆಯಮ್ಮ. ಎರಡು ಉಬ್ಬು ಸಿಕ್ಕಿದವು. ಮೂರನೆಯದಿಲ್ಲ. ಕಣ್ಣು ಬಿಟ್ಟು ಬೆರಳೆತ್ತಿದರೆ ಮೂರನೆಯದು ಏನೂ ಅರಿಯದ ಹಾಗೆ ತಲೆ ಎತ್ತಿ ನಿಂತಿತ್ತು. ಮತ್ತೆ ಮುಟ್ಟಿದಳು, ಬೆರಳಿನ ಭಾರಕ್ಕೆ ಸಡಿಲವಾದ ಟಿಚ್ ಬಟನ್ನಿನಂತೆ ಒಳಗೆ ಕೂತುಬಿಟ್ಟಿತು.

"ಕಳ್ಳ ನನ್ಮಗ!" ಎಂದಳು ಹೊಲಿಗೆಯಮ್ಮ ಮೊಳೆಗೆ.

ಮೈಕಮ್ಮ ನಕ್ಕಳು. ಆಮೇಲೆ ನಗು ಹಾಗೇ ಇಂಗಿತು. "ನನ್ನ ಕೆಲಸ ಹೋಯ್ತು ಅನ್ನೋದಕ್ಕಿಂತ, ತಪ್ಪು ಓದಿದಳು ಅಂದ್ರಲ್ಲ, ಅದನ್ನ ನುಂಗೋಕಾಗ್ತಿಲ್ಲ."

ಹೊಳೆಯಾಚೆಯಿಂದ ಹೊತ್ತು ತಂದಿದ್ದ ಸಿಟ್ಟನ್ನು ಹೊಲಿಗೆಯಮ್ಮ ಕೆಳಗಿಳಿಸಲಿಲ್ಲ. ತಲೆಯಿಂದ ಹೆಗಲಿಗೆ ಬದಲಿಸಿಕೊಂಡಳು, ಅಷ್ಟೇ. "ಇದನ್ನ ಮಾರಿದವನ ಅಂಗಡಿ ಎಲ್ಲಿದೆ?"

ಅಂಗಡಿಯವನದು ಸದಾ ನಗುವ ಮುಖ. ಪೆಟ್ಟಿಗೆಯನ್ನು ದೀಪದ ಕೆಳಗೆ ಹಿಡಿದು ನೋಡಿ, "ಮೂರೂ ಎದ್ದಿವೆಯಲ್ಲ ಮೇಡಂ!" ಎಂದ.

"ಬೆರಳಿಟ್ಟು ನೋಡಪ್ಪ" ಎಂದಳು ಹೊಲಿಗೆಯಮ್ಮ.

"ನನಗೆ ಅದನ್ನ ಓದೋಕೆಲ್ಲಿ ಬರುತ್ತೆ? ಯಂತ್ರಕ್ಕೆ ಸುಳ್ಳು ಗೊತ್ತಿಲ್ಲಮ್ಮ. ವಯಸ್ಸಾದಂತೆ ಬೆರಳು ಮರಗಟ್ಟುತ್ತೆ. ನಿಲ್ದಾಣದವರಿಗೂ ಅದನ್ನೇ ಹೇಳಿ ಕಳಿಸಿದೆ."

ಮೈಕಮ್ಮನನ್ನು ಕೆಲಸದಿಂದಲೂ ಮನೆಯಿಂದಲೂ ಹೊರಗೆ ಹಾಕಿಸಿದ್ದು ಆ ಒಂದು ಮಾತು ಎಂದು ಆಗ ತಿಳಿಯಿತು. ನಿಲ್ದಾಣದ ಹಿಂದಿನ ಕೋಣೆ ಕೆಲಸದ ಜೊತೆ ಸಿಕ್ಕಿದ್ದು, ಕೆಲಸದ ಜೊತೆಯೇ ಹೋಯಿತು. ಪೆಟ್ಟಿಗೆಯನ್ನು ತಪಾಸಣೆಗೆಂದು ಅಂಗಡಿಯಲ್ಲೇ ಬಿಟ್ಟು, ಹೊಲಿಗೆಯಮ್ಮ ಅವಳನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಓಣಿಯವರು ಎಂಥ ಕರುಣೆ ಎಂದರು. ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ಹಗೆ ಒಂದೇ ಆಗಿದ್ದರಿಂದ ಒಲೆಯೂ ಒಂದೇ ಆಯಿತು.

ಪೆಟ್ಟಿಗೆ ವಾಪಸು ತರಲು ಹೋದ ದಿನ ಅಂಗಡಿಯವನು ಫೋನಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಅವನ ಬ್ರೈಲ್ ಮುದ್ರಣದ ಯಂತ್ರ ಕೆಟ್ಟು ಕೂತಿತ್ತು. ಅಂಧರ ಸಂಘದ ಹಾಲಿನಲ್ಲಿ ಆ ಪೆಟ್ಟಿಗೆಗಳ ಪ್ರದರ್ಶನ ಹತ್ತಿರ ಬಂದಿತ್ತು. ಹಂಚುವುದಕ್ಕೆ ಬ್ರೈಲಿನಲ್ಲಿ ಜಾಹೀರಾತು ಬೇಕಿತ್ತು. "ನಿಮ್ಮದರಲ್ಲಿ ಏನೂ ದೋಷ ಇಲ್ಲಮ್ಮ" ಎಂದು ಪೆಟ್ಟಿಗೆಯನ್ನು ಅವಳ ಮುಂದೆ ತಳ್ಳಿದ.

"ಕೈಯಲ್ಲೇ ಚುಚ್ಚಿ ಬರೆಯೋರು ನಮ್ಮ ಕಡೆ ಇದ್ದಾರೆ" ಎಂದಳು ಹೊಲಿಗೆಯಮ್ಮ. ಬಾಯಿಂದ ಹೊರಟಾಗ ಅವಳಿಗೇ ಆಶ್ಚರ್ಯ.

ಯಾರು ಏನು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಬಚಾವಾಗುತ್ತಿದ್ದ. ದಪ್ಪ ಕಾಗದದ ಕಟ್ಟನ್ನೂ ತನ್ನ ಹೊಗಳಿಕೆಯ ಮಾತುಗಳನ್ನೂ ಕೊಟ್ಟು ಕಳಿಸಿದ.

ಮೈಕಮ್ಮ ತನ್ನ ಶಾಲೆಯ ದಿನಗಳ ಬ್ರೈಲ್ ಸ್ಲೇಟು, ಚುಚ್ಚುಗಡ್ಡಿ ಹೊರಗೆ ತೆಗೆದಳು. ಕಾಗದದ ಬೆನ್ನಿಗೆ, ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ತಿರುವಿದರೆ ಅಕ್ಷರ ಉಬ್ಬಿರುತ್ತದೆ. ಏನು ಬರೆಯುವುದೆಂದು ಇಬ್ಬರಿಗೂ ಜಗಳವಾಯಿತು.

"ಅವನ ಮನೆ ಹಾಳಾಗ ಅಂತ ಹಾಕು. ಅವನ ನಾಲಿಗೆ ಬಿದ್ದುಹೋಗ ಅಂತ ಹಾಕು."

"ನಿಮ್ಮ ಶಾಪಕ್ಕೆಲ್ಲ ಕಾಗದ ಸಾಲಲ್ಲ ಅಕ್ಕ."

ಕೊನೆಗೆ ಚುಚ್ಚಿದ್ದು ಇಷ್ಟು: "ಈ ಯಂತ್ರದ ಮೊಳೆ ಕಣ್ಣಿಗೆ ಏಳುತ್ತದೆ, ಬೆರಳಿಗೆ ಬೀಳುತ್ತದೆ. ಅಮುಕಿ ನೋಡಿ. ಇದರಿಂದ ಒಬ್ಬಳ ಕೆಲಸ ಹೋಯಿತು, ಒಬ್ಬಳಿಗೆ ಅಕ್ಕನ ಮುಖ ಸಿಗಲಿಲ್ಲ. ಇದನ್ನು ಕೊಡುತ್ತಿರುವವನಿಗೆ ಓದಲು ಬರುವುದಿಲ್ಲ. ಅವನಿಗೆ ಹೇಳಬೇಡಿ, ನಕ್ಕುಬಿಡಿ. ನಾನು ತಪ್ಪು ಓದಲಿಲ್ಲ."

ಪ್ರತಿ ಚುಚ್ಚಿಗೂ ಟಕ್ ಎಂದು ಸದ್ದು. ಕಾಗದ ಜೋಡಿಸಿಕೊಡುತ್ತಿದ್ದ ಹೊಲಿಗೆಯಮ್ಮನಿಗೆ ಅದು ಅವನ ಬೆನ್ನಿನ ಮೇಲೇ ಬಿದ್ದಂತೆ ಕೇಳಿ ಹೊಟ್ಟೆ ತಣ್ಣಗಾಗುತ್ತಿತ್ತು. ಮೈಕಮ್ಮನ ಕೈ ಸೋತಾಗ ಕಡ್ಡಿ ತಾನೇ ತೆಗೆದುಕೊಂಡಳು. ಅದೇ ಮಾತನ್ನು ಚುಚ್ಚಿ ಚುಚ್ಚಿ ಅಕ್ಷರಗಳೇ ಕೈಗೆ ಹತ್ತಿ, ಬೆರಳಾಡಿಸಿದರೆ ಓದಲೂ ಬರತೊಡಗಿತು.

"ಅವನಿಗೆ ಗೊತ್ತಾಗೋದು ಬೇಡ್ವೇನೇ? ನನಗೆ ಅವನ ಮುಖ ನೋಡಬೇಕು ಕಣೇ."

"ಬೇಡ. ಯಾಕೆ ಅಂತಾನೇ ತಿಳೀದೆ ಹಾಳಾಗೋದು ಹೇಗಿರುತ್ತೆ ಅಂತ ನನಗೆ ತೋರಿಸಿದಾನಲ್ಲ, ಅವನೂ ನೋಡಲಿ."

ಪ್ರದರ್ಶನದ ದಿನ ಹೊಲಿಗೆಯಮ್ಮ ಹಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಅಂಗಡಿಯವನು ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ತನ್ನ ಕೈಯಾರೆ ಕಾಗದ ಕೊಟ್ಟ. ಬೆರಳುಗಳು ಓಡಿದವು, ನಿಂತವು, ಮತ್ತೆ ಮೊದಲಿನಿಂದ ಓಡಿದವು. ಒಂದು ಮೂಲೆಯಲ್ಲಿ ಕಿಸಕ್ ಎಂದಿತು. ಆಮೇಲೆ ಇಡೀ ಹಾಲಿಗೆ ನಗು ಹಬ್ಬಿತು. ಒಬ್ಬೊಬ್ಬರೂ ಮೇಜಿನ ಮೇಲಿದ್ದ ಯಂತ್ರದ ಹತ್ತಿರ ಹೋಗಿ, ಮೊಳೆಗಳನ್ನು ಬಲವಾಗಿ ಅಮುಕಿ, ತಲೆಯಾಡಿಸಿ ಹೊರಟರು. ಕಪ್ಪು ಕನ್ನಡಕದ ಹಿರಿಯರೊಬ್ಬರು ಅಂಗಡಿಯವನ ಕೈ ಕುಲುಕಿದರು: "ಇಷ್ಟು ನಿಜವಾದ ಜಾಹೀರಾತು ನಾನು ಓದೇ ಇರಲಿಲ್ಲ ಸಾರ್."

"ಥ್ಯಾಂಕ್ಸ್, ಥ್ಯಾಂಕ್ಸ್" ಎಂದು ಅವನು ಹಿಗ್ಗಿದ.

ಅವತ್ತು ಒಂದು ಪೆಟ್ಟಿಗೆಯೂ ಮಾರಾಟವಾಗಲಿಲ್ಲ. ಆಮೇಲೂ ಇಲ್ಲ. ಕಾಲ ಕಳೆದಂತೆ ಅಂಗಡಿಯ ಅರ್ಧ ಭಾಗಕ್ಕೆ ಮೊಬೈಲ್ ಕವರುಗಳು ಬಂದವು. ಆದರೂ ಆ ಕಾಗದವೊಂದನ್ನು ಅವನು ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿಕೊಂಡಿದ್ದ. ಜನ ಅಷ್ಟು ಮೆಚ್ಚಿದ್ದಲ್ಲವೇ! ಹೊಲಿಗೆಯಮ್ಮ ದಾರ ತರಲು ಹೋದಾಗಲೆಲ್ಲ ಆ ಬೀದಿ ಸುತ್ತಿ ಬಂದು ವರದಿ ಒಪ್ಪಿಸುತ್ತಿದ್ದಳು. "ಇವತ್ತು ನೊಣ ಹೊಡೀತಿದ್ದ." "ಇವತ್ತು ನೊಣಾನೂ ಇರಲಿಲ್ಲ." ಮೈಕಮ್ಮ ಅದನ್ನು ತುತ್ತು ತುತ್ತಾಗಿ ಸವಿಯುತ್ತಿದ್ದಳು. ನಿಲ್ದಾಣದಲ್ಲಿ ಮಾತ್ರ ಧ್ವನಿ ತುಂಬಿಟ್ಟ ಯಂತ್ರ ಕೂಗುತ್ತಿತ್ತು. ಅವಳು ಆ ಕಡೆ ಮತ್ತೆ ಕಾಲಿಡಲಿಲ್ಲ.

ಕೊನೆಗೆ ಕಾಯಿಲೆ ಬಂದದ್ದೂ ಮೈಕಮ್ಮನ ಆ ಗಂಟಲಿಗೇ. ಆಸ್ಪತ್ರೆಯ ಮಂಚದಲ್ಲಿ ಅವಳ ದನಿ ನೂಲಿನ ಎಳೆಯಷ್ಟು ಉಳಿದಿತ್ತು. ಹೊಲಿಗೆಯಮ್ಮ ಕಿವಿಯನ್ನು ತುಟಿಯ ಹತ್ತಿರ ತಂದಳು.

"ಅಕ್ಕ, ಆ ಕಾಗದ ಇನ್ನೂ ಇದೆಯಾ ಅವನ ಹತ್ರ?"

"ಇದೆ ಕಣೇ. ಅಂಚು ಹರಿದಿತ್ತು, ಟೇಪು ಹಚ್ಚಿದಾನೆ."

"ಹೋಗಿ ಓದಿ ಹೇಳಿ ಅವನಿಗೆ."

"ಗೊತ್ತಾಗೋದೇ ಬೇಡ ಅಂತಿದ್ದೆ?"

"ನಾನಿರೋವರೆಗೆ ಬೇಡ ಅಂದೆ. ನಾನು ಹೋದ್ಮೇಲೆ ಹೋಗಿ. ಆಗ ಕ್ಷಮಿಸಿ ಅನ್ನೋಕೆ ಅವನಿಗೆ ಯಾರೂ ಸಿಗಬಾರದು."

ಹೊಲಿಗೆಯಮ್ಮ ಅವಳ ಕೈ ಅಮುಕಿದಳು.

"ಅಂಗಡೀಲಿ ಗಿರಾಕಿ ಇರೋವಾಗ ಓದಿ. ಗಮನಕ್ಕೆ ಅಂತ ಶುರು ಮಾಡಿ, ಜೋರಾಗಿ. ಕೊನೇ ಮಾತು, ತಪ್ಪು ಓದಲಿಲ್ಲ ಅನ್ನೋದು, ಎರಡು ಸಲ." ಉಸಿರು ಎಳೆದುಕೊಂಡು ಮತ್ತೆ ಹೇಳಿದಳು: "ಕಣ್ಣಲ್ಲಿ ಓದಬೇಡಿ ಅಕ್ಕ. ಅವನ ಎದುರಿಗೆ ಕಣ್ಣು ಮುಚ್ಕೊಂಡು, ಬೆರಳಿಟ್ಟು ಓದಿ."