ಬುತ್ತಿ ಕಟ್ಟದೆ ಹೊರಟವರು

ನಮ್ಮ ಚಾರಣ ಸಂಘಕ್ಕೆ ನನ್ನ ಗೆಳೆಯ ಅಧ್ಯಕ್ಷ, ನಾನು ಸದಸ್ಯ. ಮೂರನೆಯವರಿಲ್ಲ. ಇಬ್ಬರೂ ನಿವೃತ್ತರು; ಅವನು ಸೊಸೈಟಿಯ ಗೋದಾಮಿನಿಂದ, ನಾನು ಶಾಲೆಯ ಆಫೀಸಿನಿಂದ. ಸಂಘದ ಆಸ್ತಿಯೆಂದರೆ ಗೊಬ್ಬರದ ಚೀಲ ಹೊಲಿದು ಮಾಡಿದ ಎರಡು ಬೆನ್ನುಚೀಲ, ಒಂದು ಕತ್ತಿ, ಮಳೆ ಬಂದರೆ ಹೊದೆಯಲು ಒಂದಷ್ಟು ಪ್ಲಾಸ್ಟಿಕ್ಕು. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಬಣ್ಣದ ಡೇರೆ ಹೊತ್ತು ನಿಂತ ಹುಡುಗರು ನಮ್ಮನ್ನು ಕೂಲಿಗೆ ಹೊರಟವರೆಂದೇ ತಿಳಿಯುತ್ತಿದ್ದರು. ಒಮ್ಮೆ ಒಬ್ಬ, ಜಲಪಾತದ ದಾರಿ ತೋರಿಸಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದ. ಅಧ್ಯಕ್ಷರು ಚಾಳೀಸು ಸರಿಪಡಿಸಿಕೊಂಡು, ಆ ವಿಷಯ ಮಹಾಸಭೆಯಲ್ಲಿ ತೀರ್ಮಾನವಾಗಬೇಕು ಎಂದರು.

ಸಂಘದ ಸಂವಿಧಾನದಲ್ಲಿ ಇದ್ದದ್ದು ಒಂದೇ ವಿಧಿ: ಬುತ್ತಿ ಒಯ್ಯಬಾರದು. ಇದು ಜಿಪುಣತನವಲ್ಲ, ಧರ್ಮಸೂಕ್ಷ್ಮ ಎಂಬುದು ಅವನ ವಾದ. ನಮ್ಮ ಸೀಮೆಯಲ್ಲಿ ಅಂಗಳಕ್ಕೆ ಕಾಲಿಟ್ಟವರನ್ನು ಆಸರಿಗೆ ಏನು ಬೇಕು ಎಂದು ಕೇಳದ ಮನೆಯಿಲ್ಲ. ಬೆಲ್ಲ-ನೀರೋ ಮಜ್ಜಿಗೆಯೋ ಮೊದಲು ಬರುತ್ತದೆ, ಯಾರು ಎತ್ತ ಎಂಬ ವಿಚಾರಣೆ ಆಮೇಲೆ. ಊಟದ ಹೊತ್ತಾದರೆ ಬಾಳೆ ಹಾಕಿಯೇ ಬಿಡುತ್ತಾರೆ. ಹಾಗಿರುವಾಗ ಬುತ್ತಿ ಕಟ್ಟಿಕೊಂಡು ಹೋಗುವುದು ದಾರಿಯ ಮನೆಗಳಿಗೆ ಮಾಡುವ ಅವಮಾನ. ಆದ್ದರಿಂದ ನಮ್ಮ ನಕ್ಷೆಯಲ್ಲಿ ಬೆಟ್ಟ, ಹಳ್ಳಗಳಿಗಿಂತ ಅಡುಗೆಮನೆಗಳಿಗೇ ಪ್ರಾಶಸ್ತ್ಯ. ಸ್ವರ್ಣವಲ್ಲಿಯಾಚೆಯ ಬೆಟ್ಟ ಹತ್ತಿದ್ದು, ಯಲ್ಲಾಪುರದ ಚಂದಗುಳಿ ಕಡೆ ಕಾಡು ತಿರುಗಿದ್ದು, ಎಲ್ಲವೂ ಬಸ್ಸಿನ ಟಿಕೇಟಿನ ಖರ್ಚಿನಲ್ಲೇ ಮುಗಿದಿತ್ತು.

ಅವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದರು. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲಿ ಎಂದೂ ಹೇಳಿದ್ದರು. ಜೇಬಿನಲ್ಲಿ ಎಲೆಯಡಿಕೆ ಕವಳದ ಸಂಚಿಗೇ ಜಾಗ ಸಾಲದು ಎಂದು ಇವನು.

ಆ ದಿನ ಹೊರಟದ್ದು ಸಿದ್ದಾಪುರದ ನಿಲ್ಕುಂದದ ಕಡೆಗೆ. ಬಸ್ಸಿಳಿದು ಬೆಟ್ಟ ಏರಿದರೆ ಗುರುತಿನವರ ಒಂಟಿಮನೆ, ಅಲ್ಲಿ ತಿಂಡಿ ಎಂದು ಕಾರ್ಯಕ್ರಮ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವನು ಮನೆಯಲ್ಲೇ ಚುಚ್ಚಿಕೊಂಡು ಬಂದಿದ್ದ. ಕಾದು ಕಾದು, ಕೊನೆಗೆ ಇನ್ನೊಂದು ಬಸ್ಸು ಹಿಡಿದು, ಏರು ಹತ್ತಿ ಆ ಅಂಗಳ ತಲುಪುವಾಗ ಬಿಸಿಲು ನೆತ್ತಿಗೇರಿತ್ತು.

ಅಂಗಳದಲ್ಲಿ ರಂಗೋಲಿ ಇರಲಿಲ್ಲ. ಗಂಡುಮಕ್ಕಳಿಬ್ಬರು ಗಡ್ಡ ಬಿಟ್ಟು, ಪಾಣಿಪಂಚೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಮನೆಯ ಯಜಮಾನ ಆ ವಾರವೇ ತೀರಿಕೊಂಡಿದ್ದ. ಸುದ್ದಿ ನಮಗೆ ಮುಟ್ಟಿರಲಿಲ್ಲ. ಮೈಲಿಗೆಯ ಮನೆ, ಅಲ್ಲಿ ಹೊರಗಿನವರು ನೀರು ಕೂಡ ಮುಟ್ಟುವುದಿಲ್ಲ. ಏನು ಬೇಕೆಂದು ಕೇಳುವುದು ಅವರಿಗೆ ಸಲ್ಲದು, ಬೇಡುವುದು ನಮಗೆ ಸಲ್ಲದು. ಜಗಲಿಯ ತುದಿಗೆ ಕೂತು ಹೇಗಾಯಿತು, ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆವು. ಮಲಗಿದ್ದವರು ಏಳಲಿಲ್ಲ ಎಂದು ಹಿರಿಯ ಮಗ ಹೇಳಿದ. ಹಿರಿಸೊಸೆ ಬಾಗಿಲ ಬಳಿ ಬಂದು ನಿಂತಳು, ಏನೋ ಹೇಳಹೊರಟವಳು ತಿರುಗಿ ಒಳಗೆ ಹೋದಳು.

ಅಧ್ಯಕ್ಷನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಕೇಳಿಬಿಡುತ್ತೇನೆ ಎಂದು ನಾನು ಪಿಸುಗುಟ್ಟಿದೆ. ಅವನು ನನ್ನ ಕಾಲನ್ನು ಮೆಟ್ಟಿದ.

"ಸುಮ್ಮಂಗಿರು ಮಾರಾಯ. ಕೊಟ್ರೂ ಅವ್ಕೆ ಸಂಕಟ, ಕೊಡದೆ ಇದ್ರೂ ಸಂಕಟ. ಕೆಳಗೆ ಇನ್ನೊಂದು ಮನೆ ಇದ್ದಲ."

ಸಾವಿನ ಮನೆಯಿಂದ ಹೋಗಿಬರುತ್ತೇವೆ ಎನ್ನಬಾರದು. ಏನೂ ಹೇಳದೆ ಎದ್ದು ಇಳಿದೆವು.

ಹಳ್ಳದ ಹತ್ತಿರ ಅವನ ಮಾತು ತೊದಲಿತು. ಬಸ್ಸು ಯಾಕೆ ಹೊರಡುವುದಿಲ್ಲ ಎಂದು ಕೇಳಿದ. ತಮಾಷೆ ಮಾಡುತ್ತಿದ್ದಾನೆಂದು, ಡ್ರೈವರು ಕವಳ ಹಾಕಲು ಹೋಗಿದ್ದಾನೆ ಎಂದೆ. ಅವನು ನಗಲಿಲ್ಲ. ಒಂದು ಮರಕ್ಕೆ ಟಿಕೇಟಿನ ದುಡ್ಡು ಚಾಚಿದ. ಆಮೇಲೆ ಬಂಡೆಗೆ ಒರಗಿ ಕುಸಿದ. ಕಾಲ ಬುಡದಲ್ಲಿ ಬೇಕಾದಷ್ಟು ನೀರು ಹರಿಯುತ್ತಿತ್ತು.

ಅವನನ್ನು ಅಲ್ಲೇ ಬಿಟ್ಟು ಏರು ಹತ್ತಿದೆ. ಅರವತ್ತು ದಾಟಿದವನ ಓಟ ಅದು. ನಡಿಗೆಗಿಂತ ಸದ್ದು ಹೆಚ್ಚು, ವೇಗ ಅಷ್ಟೇ. ಅಂಗಳದಲ್ಲಿ ನಿಂತು 'ಬೆಲ್ಲ' ಎಂದದ್ದಷ್ಟೇ. ಸೊಸೆ ಒಳಗಿಂದ ಬೆಲ್ಲದ ಮುದ್ದೆ ಹಿಡಿದು ನನಗಿಂತ ಮುಂದೆ ಇಳಿದಳು, ಹಿಂದೆ ಅಣ್ಣತಮ್ಮಂದಿರಿಬ್ಬರೂ. ನುಂಗುವ ಶಕ್ತಿ ಅವನಲ್ಲಿರಲಿಲ್ಲ. ಅವಳು ಬೆಲ್ಲ ಅರೆದು ಬೆರಳಿನಿಂದ ವಸಡಿಗೆ ತಿಕ್ಕುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟ. ಯಾರನ್ನೂ ಗುರುತಿಸಲಿಲ್ಲ.

ಬೆತ್ತದ ಕುರ್ಚಿಗೆ ಬಿದಿರು ಕಟ್ಟಿ ರಸ್ತೆಯವರೆಗೆ ಹೊತ್ತರು. ಆ ವಾರ ಅಪ್ಪನನ್ನು ಹೊತ್ತ ಹೆಗಲುಗಳೇ. ನಡುದಾರಿಯಲ್ಲಿ ಹೆಗಲು ಬದಲಿಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಜೀಪು ಸಿಕ್ಕಿತು, ಶಿರಸಿಯ ಆಸ್ಪತ್ರೆ ಸಿಕ್ಕಿತು. ಸಕ್ಕರೆ ಮೇಲೆ ಬಂತು, ಹೃದಯ ಮಾತ್ರ ಸೋತಿದೆ ಎಂದರು. ಮರುದಿನ ಬೆಳಗಿನ ಜಾವ ಹೋದ.

ಆ ಮನೆಯ ಮೈಲಿಗೆ ಕಳೆದ ಮೇಲೆ ಒಂದು ಸಂಜೆ ಫೋನು ಬಂತು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ನಿಂತಿರಬೇಕು, ಗಾಳಿಯ ಸದ್ದೇ ಜಾಸ್ತಿ. ಹಿರಿಸೊಸೆ.

"ಮಾವ, ನಮ್ಮನೆ ಬೆಲ್ಲದಿಂದ ಎಂತಾರೂ ಕೆಟ್ಟದ್ದು ಆತನ? ಸೂತಕದ್ದು ಹೇಳಿ ಗೊತ್ತಿದ್ದೂ ಬಾಯಿಗೆ ಹಾಕಿದೆ."

ಆ ಬೆಲ್ಲದಿಂದಲೇ ಅವನು ಒಂದು ರಾತ್ರಿ ಹೆಚ್ಚು ಬದುಕಿದ, ಹೆಂಡತಿ-ಮಕ್ಕಳು ಬಂದು ಮುಖ ನೋಡುವಂತಾಯಿತು ಎಂದೆ. ಅಷ್ಟೂ ನಿಜವೇ.

"ಹಶಿವಾಯ್ದು ಹೇಳಿ ಒಂದು ಮಾತು ಹೇಳಿದ್ರೆ ಆಗ್ತಿತ್ತಲ. ಆಚೆ ಊರವ್ವು ತಂದಿಟ್ಟ ಬಾಳೆಗೊನೆ ಜಗಲಿ ಮೇಲೇ ನೇತಾಡ್ತಿತ್ತು. ಹಣ್ಣಿಗೆಂತ ಸೂತಕ, ಮಾವ?"

ನನಗೆ ಬಾಳೆಗೊನೆ ಕಂಡ ನೆನಪಿಲ್ಲ. ನಾವಿಬ್ಬರೂ ತಲೆ ತಗ್ಗಿಸಿ ಕೂತಿದ್ದೆವು, ದುಃಖದ ಮನೆಯಲ್ಲಿ ಕೂರಬೇಕಾದ ಹಾಗೆ.